ಅಪ್ಪ ಅಮ್ಮನಿಗೆ ತೋಟದ ಮನೆ ಸೇಫಾ, ಪೇಟೆ ಮನೆ ಸೇಫಾ?

ತೋಟದಮಗಳು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಅಪ್ಪ ಅಮ್ಮ ಕೊಡಗಿನ ಸಿದ್ದಾಪುರ ಕಡೆ ತೋಟದ ಮನೆಯಲ್ಲಿ ಇಬ್ಬರೇ ಇದ್ದಾರೆ. ಅಪ್ಪನಿಗೆ ಎಪ್ಪತ್ತು ದಾಟಿದೆ. ನಾನು ಬೆಂಗಳೂರಲ್ಲಿ, ತಮ್ಮ ದುಬೈಯಲ್ಲಿ. ಪಕ್ಕದ ತೋಟದ ಕಣದಿಂದ ರಾತ್ರೋರಾತ್ರಿ ಕಾಫಿ ಚೀಲ ಹೋದ ಮೇಲೆ ಅಮ್ಮ ಸರಿಯಾಗಿ ನಿದ್ದೆ ಮಾಡ್ತಿಲ್ಲ. ಮನೆಯಿಂದ ಕೂಗಿದರೆ ಕೇಳಿಸಿಕೊಳ್ಳುವಷ್ಟು ಹತ್ತಿರ ಯಾರೂ ಇಲ್ಲ.

ತಮ್ಮ ಹೇಳೋದು, ಕುಶಾಲನಗರದಲ್ಲಿ ಒಂದು ಮನೆ ಮಾಡೋಣ, ಇಲ್ಲ ಮೈಸೂರಿನ ಅಪಾರ್ಟ್‌ಮೆಂಟ್‌ಗೆ ಕರ್ಕೊಂಡು ಹೋಗೋಣ ಅಂತ. ಅಪ್ಪನದು ಒಂದೇ ಮಾತು, "ಪೇಟೆಯಲ್ಲಿ ಕಳ್ಳರಿಲ್ವಾ? ನಮ್ಮ ಜಿಲ್ಲೆಯಲ್ಲಿ ಎಷ್ಟು ಕೇಸ್, ಬೆಂಗಳೂರಲ್ಲಿ ಎಷ್ಟು ಕೇಸ್, ನೀವೇ ನೋಡಿ." ಇಬ್ಬರ ಮಾತೂ ಸರಿ ಅನ್ನಿಸುತ್ತೆ. ಎರಡೂ ಕಡೆ ಇದ್ದು ನೋಡಿದವರು ದಯವಿಟ್ಟು ಹೇಳಿ.

ಕುಶಾಲನಗರದವ:

ಮೇಡಂ, ನಾನು ಇಲ್ಲಿನ ಲೇಔಟ್‌ನಲ್ಲೇ ಇರೋದು. ಪೇಟೆ ಅಂದರೆ ಸೇಫ್ ಅಂತ ಕಣ್ಣು ಮುಚ್ಚಿ ಬರಬೇಡಿ. ಮೈಸೂರು-ಮಡಿಕೇರಿ ಹೆದ್ದಾರಿ ಊರ ಮಧ್ಯದಲ್ಲೇ ಹೋಗುತ್ತೆ. ಶನಿವಾರ ಭಾನುವಾರ ಯಾರ ಗಾಡಿ ಯಾರದು ಗೊತ್ತಾಗಲ್ಲ. ನಮ್ಮ ರಸ್ತೆಯಲ್ಲಿ ಸುಮಾರು ಮನೆಗಳಿಗೆ ಬೀಗ, ಓನರ್ ಬೆಂಗಳೂರಲ್ಲಿ, ರಜೆಗೆ ಮಾತ್ರ ಬರ್ತಾರೆ. ಗೇಟಿನೊಳಗೆ ಪೇಪರ್ ರಾಶಿ ಬಿದ್ದಿರುತ್ತೆ, ಹಗಲಲ್ಲೂ ವರಾಂಡದ ಲೈಟ್ ಉರೀತಿರುತ್ತೆ. ಒಳಗೆ ಯಾರೂ ಇಲ್ಲ ಅಂತ ತಿಳಿಯೋಕೆ ಕಳ್ಳನಿಗೆ ಇನ್ನೇನು ಬೇಕು?

ಇನ್ನೊಂದು, ಕಾವೇರಿ ಸೇತುವೆ ದಾಟಿದರೆ ಕೊಪ್ಪ. ಅದು ಪಿರಿಯಾಪಟ್ಟಣ ತಾಲೂಕು, ಮೈಸೂರು ಜಿಲ್ಲೆ. ಇಲ್ಲಿ ಕದ್ದ ಬೈಕ್ ಐದು ನಿಮಿಷದಲ್ಲಿ ಬೇರೆ ಜಿಲ್ಲೆಯಲ್ಲಿರುತ್ತೆ. "ಅದು ನಮಗೆ ಬರಲ್ಲ, ಆ ಠಾಣೆಗೆ ಹೋಗಿ" ಅಂತ ಯಾರಾದರೂ ಅಂದರೆ ವಾಪಸ್ ಬರಬೇಡಿ. 2024ರ ಜುಲೈ 1ರಿಂದ ಜಾರಿಯಲ್ಲಿರೋ, ಹಳೇ ಸಿಆರ್‌ಪಿಸಿ ಬದಲಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್ ಪ್ರಕಾರ ಇಂಥ ಅಪರಾಧ ಎಲ್ಲಿ ನಡೆದಿದ್ದರೂ ಯಾವ ಠಾಣೆಯಲ್ಲಾದರೂ ದೂರು ತಗೋಬೇಕು. ಝೀರೋ ಎಫ್‌ಐಆರ್ ಅಂತೀವಲ್ಲ, ಅದೇ.

ಅಂಕಿಅಂಶ:

ಅಪ್ಪಾಜಿ ಹೇಳಿದ ಲೆಕ್ಕದ ಬಗ್ಗೆ ಒಂದು ಮಾತು. ಒಟ್ಟು ಕೇಸ್ ಎಷ್ಟು ಅಂತ ಹೋಲಿಸಿದರೆ ಬೆಂಗಳೂರು ಯಾವಾಗಲೂ ಸೋಲುತ್ತೆ, ಜನ ಜಾಸ್ತಿ ಅಲ್ವಾ. 2011ರ ಜನಗಣತಿಯಲ್ಲಿ ಇಡೀ ಕೊಡಗಿನ ಜನಸಂಖ್ಯೆ ಸುಮಾರು 5.54 ಲಕ್ಷ. ಅದಕ್ಕೇ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದವರು ಒಂದು ಲಕ್ಷ ಜನಕ್ಕೆ ಎಷ್ಟು ಅಂತ ದರ ಕೊಡ್ತಾರೆ. ಆದರೆ ನಮ್ಮಂಥ ಜಿಲ್ಲೆಗೆ ಆ ದರದಲ್ಲೂ ತೊಡಕಿದೆ. ಪ್ರವಾಸಿಗರ ಕಾರ್ ಗಾಜು ಒಡೆದರೆ, ಹೋಂಸ್ಟೇಯಲ್ಲಿ ಗಲಾಟೆ ಆದರೆ ಕೇಸ್ ಇಲ್ಲಿ ಸೇರುತ್ತೆ, ಭಾಗಿಸುವಾಗ ಮಾತ್ರ ಇಲ್ಲಿನ ನಿವಾಸಿಗಳ ಸಂಖ್ಯೆಯಿಂದಲೇ ಭಾಗಿಸ್ತಾರೆ. ಹಾಗಾಗಿ ಟೂರಿಸ್ಟ್ ಊರಿನ ದರ ಇರೋದಕ್ಕಿಂತ ಜಾಸ್ತಿ ಕಾಣಬಹುದು.

ಇದಕ್ಕೆ ಉಲ್ಟಾನೂ ಆಗುತ್ತೆ. ತೋಟದಲ್ಲಿ ಎರಡು ಚೀಲ ಮೆಣಸು ಹೋದರೆ ಎಷ್ಟು ಜನ ಠಾಣೆಗೆ ಹೋಗ್ತಾರೆ? ಊರಲ್ಲೇ ಮಾತಾಡಿ ಮುಗಿಸ್ತಾರೆ, ಇಲ್ಲ "ಹೋದದ್ದು ಹೋಯ್ತು" ಅಂತ ಸುಮ್ನಾಗ್ತಾರೆ. ದಾಖಲಾದ ಕೇಸ್ ಬೇರೆ, ನಡೆದ ಅಪರಾಧ ಬೇರೆ.

ನಿಮ್ಮ ಮನೆ ವಿಷಯಕ್ಕೆ ನಾನಾದರೆ ನೋಡೋದು ದೂರವನ್ನು. ಕೊಡಗಿನ ವಿಸ್ತೀರ್ಣ 4,102 ಚದರ ಕಿ.ಮೀ. ಚದರ ಕಿ.ಮೀ.ಗೆ 135 ಜನ. ಬೆಂಗಳೂರು ನಗರ ಜಿಲ್ಲೆಯಲ್ಲಿ ಅದೇ 2011ರಲ್ಲಿ 4,000 ದಾಟಿತ್ತು. ನಗರದಲ್ಲಿ ಕಳ್ಳ ಜಾಸ್ತಿ ಇರಬಹುದು, ನೋಡೋ ಕಣ್ಣೂ ಜಾಸ್ತಿ, ಗಸ್ತಿನ ಗಾಡಿಯೂ ಹತ್ತಿರ. ಇಲ್ಲಿ ಕಳ್ಳ ಬರೋದು ಅಪರೂಪ, ಬಂದ ರಾತ್ರಿ ಮಾತ್ರ ನೀವು ಒಬ್ಬರೇ.

ಆಮೇಲೆ ಫೋನ್ ಮೋಸಕ್ಕೆ ಊರು ಪೇಟೆ ಅಂತ ಭೇದ ಇಲ್ಲ. "ಡಿಜಿಟಲ್ ಅರೆಸ್ಟ್" ಅಂತ ಪೊಲೀಸರ ಹಾಗೆ ವಿಡಿಯೋ ಕಾಲ್ ಮಾಡಿ ಹೆದರಿಸೋರಿಗೆ ಸಿದ್ದಾಪುರವೂ ಒಂದೇ, ಜಯನಗರವೂ ಒಂದೇ. ಕಾನೂನಿನಲ್ಲಿ ಆ ಥರದ ಅರೆಸ್ಟೇ ಇಲ್ಲ ಅಂತ ಅಪ್ಪ ಅಮ್ಮನಿಗೆ ಈಗಲೇ ಹೇಳಿಡಿ. ದುಡ್ಡು ಹೋಗಿಬಿಟ್ಟರೆ ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು. ಬೇಗ ಮಾಡಿದಷ್ಟೂ ಆ ಹಣ ತಡೆಹಿಡಿಯೋ ಸಾಧ್ಯತೆ ಜಾಸ್ತಿ.

ಅಮ್ಮತ್ತಿ ಬೆಳೆಗಾರ:

ನೋಡಮ್ಮ, ನಾನು ಹುಟ್ಟಿದ್ದೂ ಬೆಳೆದದ್ದೂ ತೋಟದಲ್ಲೇ, ಅದಕ್ಕೆ ಸ್ವಲ್ಪ ಉದ್ದ ಬರೀತೀನಿ. ರೊಬಸ್ಟಾ ಕಾಫಿ ಕೊಯ್ಲು ಜನವರಿಯಿಂದ ಮಾರ್ಚ್ ತನಕ. ಹಣ್ಣು ಕಣದಲ್ಲಿ ವಾರಗಟ್ಟಲೆ ಒಣಗಬೇಕು. 2025ರ ಶುರುವಿನಲ್ಲಿ 50 ಕೆಜಿ ರೊಬಸ್ಟಾ ಚೆರ್ರಿ (ಸಿಪ್ಪೆ ಸಮೇತ ಒಣಗಿಸಿದ ಹಣ್ಣು) ಚೀಲಕ್ಕೆ 10,000 ರೂಪಾಯಿ ದಾಟಿತ್ತು. ಅಂದರೆ ಅಂಗಳದಲ್ಲಿ ಟಾರ್ಪಾಲ್ ಹೊದಿಸಿ ನೋಟಿನ ಕಂತೆ ಬಿಟ್ಟ ಹಾಗೆ. ಕದಿಯೋನಿಗೆ ಬೀಗ ಒಡೆಯೋ ಕೆಲಸವೂ ಇಲ್ಲ, ಒಂದು ಪಿಕಪ್ ಗಾಡಿ, ಇಬ್ಬರು ಸಾಕು.

ಇನ್ನು ರಾತ್ರಿ ಕಣದ ಕಡೆ ಸದ್ದಾದರೆ ಏನು ಮಾಡ್ತೀರಿ? ಸಿದ್ದಾಪುರ, ಅಮ್ಮತ್ತಿ, ಪಾಲಿಬೆಟ್ಟ ಕಡೆ ಆನೆ ತೋಟದೊಳಗೇ ಬೀಡುಬಿಟ್ಟಿರುತ್ತೆ. ಸದ್ದು ಮನುಷ್ಯನದೋ ಆನೆಯದೋ ಗೊತ್ತಿಲ್ಲದೆ ಟಾರ್ಚ್ ಹಿಡಿದು ಹೊರಗೆ ಬರೋ ಹಾಗಿಲ್ಲ. ಇದು ಕಳ್ಳನಿಗೂ ಗೊತ್ತು. ಮೈಸೂರಿನಲ್ಲಿ ಬಾಲ್ಕನಿಗೆ ಬಂದು "ಯಾರದು?" ಅಂತ ಕೂಗಬಹುದು. ನಮ್ಮಲ್ಲಿ ಬಾಗಿಲು ತೆಗೆಯೋಕೂ ಯೋಚನೆ ಮಾಡಬೇಕು. ಅಪ್ಪನಿಗೆ ದಯವಿಟ್ಟು ಹೇಳಿ, ಏನೇ ಸದ್ದಾದರೂ ಹೊರಗೆ ಬರಬೇಡಿ, ಹೊರಗಿನ ಲೈಟ್ ಎಲ್ಲಾ ಹಾಕಿ ಒಳಗಿಂದಲೇ ಫೋನ್ ಮಾಡಿ. ಚೀಲ ಹೋದರೆ ಹೋಗಲಿ.

ಕೋವಿ ಇದೆ ಅನ್ನೋ ಧೈರ್ಯ ಬೇಡ. ನಮ್ಮ ಜಿಲ್ಲೆಯಲ್ಲಿ ಕೊಡವರಿಗೆ, ಜಮ್ಮಾ (ಇಲ್ಲಿನ ವಂಶಪಾರಂಪರ್ಯದ ಜಮೀನು) ಹಿಡುವಳಿದಾರರಿಗೆ ಲೈಸೆನ್ಸ್ ವಿನಾಯಿತಿ ಇದೆ, 2029ರ ತನಕ ಮುಂದುವರಿಸಿದ್ದಾರೆ. ಆದರೆ ಆ ವಿನಾಯಿತಿ ಕೋವಿ ಇಟ್ಟುಕೊಳ್ಳೋಕೆ ಮಾತ್ರ. ಜೀವಕ್ಕೆ ಅಪಾಯ ಇಲ್ಲದಾಗ ಕಣದಲ್ಲಿ ಚೀಲ ಎತ್ತುತ್ತಿರೋನ ಮೇಲೆ ಗುಂಡು ಹಾರಿಸಿದರೆ ಆತ್ಮರಕ್ಷಣೆ ಅಂತ ಕೋರ್ಟ್ ಒಪ್ಪಲ್ಲ.

ಮಾಡಬೇಕಾದ್ದು ಇಷ್ಟು. ಒಣಗಿದ್ದನ್ನು ಕಣದಲ್ಲಿ ಬಿಡಬೇಡಿ, ಅವತ್ತೇ ಗೋದಾಮಿಗೆ ಹಾಕಿ. ಚೀಲಗಳ ಮೇಲೆ ಬಣ್ಣದಲ್ಲಿ ಗುರುತು ಬರೆಯಿರಿ. ಕದ್ದ ಮಾಲು ಹೋಗೋದು ಕೇಳದೆ ಕೊಳ್ಳೋ ವ್ಯಾಪಾರಿ ಹತ್ತಿರ, ಗುರುತು ಇದ್ದರೆ ಅಲ್ಲಿ ಕಷ್ಟ ಆಗುತ್ತೆ. ತೋಟದ ಗೇಟಿಗೆ ಹೆಸರಿನ ಬೋರ್ಡ್ ಇರಲಿ, ರಾತ್ರಿ ಕಾಣೋ ಹಾಗೆ. 112ಕ್ಕೆ ಫೋನ್ ಮಾಡಿದಾಗ ಮ್ಯಾಪಿನಲ್ಲಿ ನಿಮ್ಮ ಮನೆ ಎಲ್ಲೋ ಕಾಡಿನ ಮಧ್ಯೆ ತೋರಿಸುತ್ತೆ. "ಇಂಥ ರಸ್ತೆ, ಇಂಥ ಬಸ್ ಸ್ಟಾಪ್ ಆದ ಮೇಲೆ ಎಡಗಡೆ ಗೇಟ್" ಅಂತ ಒಂದು ಚೀಟಿ ಬರೆದು ಫೋನ್ ಪಕ್ಕ ಅಂಟಿಸಿ. ಗಾಬರಿಯಲ್ಲಿ ನಾಲಿಗೆ ಹೊರಳಲ್ಲ. ಬೀಟ್ ಪೊಲೀಸ್ ನಂಬರ್ ಠಾಣೆಯಲ್ಲಿ ಕೇಳಿದರೆ ಕೊಡ್ತಾರೆ, ಒಂದು ಸಲ ಮನೆಗೆ ಬಂದು ದಾರಿ ನೋಡಿಕೊಂಡು ಹೋಗಲಿ.

ನಾಲ್ಕುನಾಡು:

ಕೆಲಸಕ್ಕೆ ಇಟ್ಟುಕೊಂಡಿರೋ ಅಸ್ಸಾಂ ಕಡೆಯವರ ಆಧಾರ್ ತಗೊಂಡು ಠಾಣೆಗೆ ಕೊಟ್ಟಿದ್ದಾರಾ? ಅದನ್ನು ಮೊದಲು ಮಾಡಿಸಿ. ಈಗೀಗ ಯಾರು ಎಲ್ಲಿಂದ ಬಂದಿದ್ದಾರೆ ಅನ್ನೋದೇ ಗೊತ್ತಾಗಲ್ಲ.

ಮೂರ್ನಾಡಿನ ಅಕ್ಕ:

ನಾಲ್ಕುನಾಡು ಅಣ್ಣ, ದಾಖಲೆ ಎಲ್ಲರದ್ದೂ ತಗೊಳ್ಳಿ, ಅಸ್ಸಾಂನವರದ್ದು ಮಾತ್ರ ಯಾಕೆ? ಕಣದಲ್ಲಿ ಯಾವತ್ತು ಎಷ್ಟು ಚೀಲ ಇರುತ್ತೆ, ನಾಯಿ ಎಲ್ಲಿ ಕಟ್ಟಿರ್ತಾರೆ, ಯಜಮಾನರು ಮದುವೆಗೆ ಯಾವತ್ತು ಹೋಗ್ತಾರೆ ಅನ್ನೋದು ಸ್ಥಳೀಯರಿಗೇ ಚೆನ್ನಾಗಿ ಗೊತ್ತಿರುತ್ತೆ. ಮುಖ ನೋಡಿ ಅನುಮಾನ ಪಟ್ಟರೆ ಬಡವನಿಗೆ ಏಟು ಬೀಳುತ್ತೆ, ಕಳ್ಳ ಆರಾಮಾಗಿ ಇರ್ತಾನೆ. ಇದು ನನಗೆ ನಿಜಕ್ಕೂ ಬೇಜಾರಿನ ವಿಷಯ.

ಹಳ್ಳಿ ಸೇಫ್ ಅನ್ನೋ ಮಾತೂ ಅರ್ಧ ಸತ್ಯ. ಯಾರಿಗೆ ಸೇಫ್? ಲೈನ್ ಮನೆಯಲ್ಲಿ (ತೋಟದ ಕಾರ್ಮಿಕರ ಸಾಲು ಮನೆ) ಕುಡಿದು ಬಂದು ಹೆಂಡತಿಗೆ ಹೊಡೆದರೆ ಹತ್ತು ಮನೆಗೆ ಕೇಳಿಸುತ್ತೆ, ಒಬ್ಬರೂ ಬಾಯಿ ಬಿಡಲ್ಲ, ಯಾಕಂದರೆ ಬೆಳಗ್ಗೆ ಅದೇ ತೋಟದಲ್ಲಿ ಒಟ್ಟಿಗೆ ಕೆಲಸ ಮಾಡಬೇಕು. ಕಾಲೇಜು ಮುಗಿಸಿ ಬರೋ ಹುಡುಗಿ ಬಸ್ ಇಳಿದು ತೋಟದ ರಸ್ತೆಯಲ್ಲಿ ಒಬ್ಬಳೇ ನಡೀಬೇಕು, ಬೀದಿ ದೀಪ ಇಲ್ಲ, ನೆಟ್‌ವರ್ಕ್ ಇಲ್ಲ. ಇದ್ಯಾವುದೂ ಯಾವ ಲೆಕ್ಕದಲ್ಲೂ ಬರಲ್ಲ. 112 ಜೊತೆಗೆ ಮಹಿಳಾ ಸಹಾಯವಾಣಿ 181 ಅಂತ ಲೈನ್ ಮನೆ ಗೋಡೆಯ ಮೇಲೆ ಬರೆಸಿ. ಖರ್ಚು ಏನೂ ಇಲ್ಲ.

ತಂಗಿ, ನಿನ್ನ ಅಮ್ಮನ ಜೊತೆ ಬೇರೆಯಾಗಿ ಕೂತು ಮಾತಾಡು. ಅಪ್ಪ ಹೇಳಿದ್ದು ಬರೆದೆ, ತಮ್ಮ ಹೇಳಿದ್ದು ಬರೆದೆ, ನಿದ್ದೆ ಬಾರದೆ ಇರೋದು ಅಮ್ಮನಿಗೆ ಅಲ್ವಾ?

ತೋಟದಮಗಳು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಕ್ಕ, ನೀವು ಹೇಳಿದ ಹಾಗೆ ಅಮ್ಮನ ಹತ್ತಿರ ಒಬ್ಬಳೇ ಮಾತಾಡಿದೆ. ಅವರಿಗೆ ಕಾಫಿ ಹೋಗುತ್ತೆ ಅನ್ನೋ ಭಯ ಇಲ್ಲವೇ ಇಲ್ಲ. ಸದ್ದಾದರೆ ಅಪ್ಪ ಟಾರ್ಚ್ ಹಿಡಿದು ಹೊರಗೆ ಹೋಗ್ತಾರೆ ಅನ್ನೋದೇ ಭಯ. ಅಮ್ಮತ್ತಿ ಅಂಕಲ್ ಬರೆದದ್ದನ್ನು ಅಪ್ಪನಿಗೆ ಓದಿ ಹೇಳಿದೆ. ಮೊದಲು ವಾದ ಮಾಡಿದರು, ಆಮೇಲೆ ಆನೆ ವಿಷಯಕ್ಕೆ ಸುಮ್ಮನಾದರು.

ಸದ್ಯಕ್ಕೆ ಮನೆ ಬದಲಾಯಿಸಲ್ಲ. ಕೊಯ್ಲಿನ ತಿಂಗಳುಗಳಲ್ಲಿ ತೋಟದ ಲೆಕ್ಕ ನೋಡೋ ರೈಟರ್ ಕುಟುಂಬ ನಮ್ಮ ಹೊರಗಿನ ಮನೆಯಲ್ಲಿ ಇರೋಕೆ ಒಪ್ಪಿದೆ. ಗೇಟಿಗೆ ಬೋರ್ಡ್, ಕಣಕ್ಕೆ ಲೈಟ್ ಈ ವಾರ ಆಗುತ್ತೆ. ಮಳೆಗಾಲದಲ್ಲಿ ಮಾತ್ರ ಕರೆಂಟ್ ಹೋದರೆ ಮೊಬೈಲ್ ಟವರ್ ಕೂಡ ಸತ್ತುಹೋಗುತ್ತೆ, ಆಗ 112ಕ್ಕೂ ಫೋನ್ ಹೋಗಲ್ಲ. ಸಿದ್ದಾಪುರ ಕಡೆ ಇರೋರು ಅದಕ್ಕೆ ಏನು ಮಾಡ್ಕೊಂಡಿದ್ದೀರಿ?

ಅಮ್ಮತ್ತಿ ಬೆಳೆಗಾರ:

ಬೇರೆ ಬೇರೆ ಕಂಪನಿಯ ಎರಡು ಸಿಮ್ ಇಟ್ಟುಕೊಳ್ಳಿ. ಫೈಬರ್ ಹಾಕಿಸಿ ರೂಟರನ್ನು ಇನ್ವರ್ಟರ್‌ಗೆ ಕೊಡಿ, ವೈಫೈ ಕಾಲಿಂಗ್ ಆನ್ ಮಾಡಿಡಿ. ಮರ ಬಿದ್ದು ಕೇಬಲ್ ತುಂಡಾದರೆ ಅದೂ ಇಲ್ಲ. ಅದಕ್ಕೇ ನಾವು ಪಕ್ಕದ ಎರಡು ತೋಟದವರು ಸೇರಿ ಜೋರಾದ ಸೈರನ್ ಹಾಕಿಸಿದ್ದೀವಿ, ಬ್ಯಾಟರಿಯದು. ಒಬ್ಬರದು ಕೂಗಿದರೆ ಉಳಿದವರು ಲೈಟ್ ಹಾಕಿ, ಜೀಪ್ ತಗೊಂಡೇ ಬರಬೇಕು, ನಡೆದು ಬರೋ ಹಾಗಿಲ್ಲ ಅಂತ ಮಾತಾಡಿಕೊಂಡಿದ್ದೀವಿ. ನಿಮ್ಮ ಪಕ್ಕದ ತೋಟದವರನ್ನು ಕೇಳಿ ನೋಡಿ, ಅವರ ಚೀಲ ಹೋಗಿದೆಯಲ್ಲ, ಬೇಡ ಅನ್ನಲ್ಲ.