ನಿಂತಿದ್ದ 1970ರ ಎಂಜಿಬಿ: ಸ್ಟಾರ್ಟ್ ಮಾಡೋ ಮುಂಚೆ ಏನೇನು ನೋಡಬೇಕು?

ರೋಡ್‌ಸ್ಟರ್_ಕೆಎ40

ನಮಸ್ಕಾರ, ಚಿಕ್ಕಬಳ್ಳಾಪುರದಿಂದ ಕೇಳ್ತಿದ್ದೀನಿ. 1970ರ ಎಂಜಿಬಿ ರೋಡ್‌ಸ್ಟರ್ (ಬ್ರಿಟಿಷ್ ಓಪನ್ ಸ್ಪೋರ್ಟ್ಸ್ ಕಾರು) ತಗೊಂಡಿದ್ದೀನಿ. 1798 ಸಿಸಿ, ಎರಡು ಎಸ್‌ಯು ಎಚ್‌ಎಸ್4 ಕಾರ್ಬುರೇಟರ್, ವೈರ್ ವೀಲ್. ಕೆಲವು ವರ್ಷ ಶೆಡ್‌ನಲ್ಲೇ ನಿಂತಿತ್ತು. ಪ್ಲಗ್ ಬಿಚ್ಚಿ ನಾಲ್ಕನೇ ಗೇರಲ್ಲಿ ತಳ್ಳಿದರೆ ಎಂಜಿನ್ ಸಲೀಸಾಗಿ ತಿರುಗುತ್ತೆ. ಬ್ಯಾಟರಿ ಹಾಕಿ ಸೆಲ್ಫ್ ಹೊಡೀಲಾ? ಇ20 (20% ಎಥನಾಲ್ ಬೆರೆತ) ಪೆಟ್ರೋಲ್ ತಡೆಯುತ್ತಾ? ಮುಂದೆ ನಂದಿಬೆಟ್ಟ ಹತ್ತಿಸೋ ಆಸೆ ಇದೆ.

ಹಳೇ_ಸ್ಪ್ಯಾನರ್

ಈಗಲೇ ಸೆಲ್ಫ್ ಹೊಡೀಬೇಡಿ ಸರ್. ಮೊದಲು ಹಳೇ ಆಯಿಲ್ ಇಳಿಸಿ, ಫಿಲ್ಟರ್ ಬದಲಿಸಿ, 20ಡಬ್ಲ್ಯು-50 ಆಯಿಲ್ ಹಾಕಿ. ಫಿಲ್ಟರ್ ಸೇರಿ ಸುಮಾರು 4.25 ಲೀಟರ್ ಹಿಡಿಯುತ್ತೆ. ಇದು ಫ್ಲಾಟ್ ಟ್ಯಾಪೆಟ್ ಎಂಜಿನ್, ಅಂದ್ರೆ ವಾಲ್ವ್ ಎತ್ತೋ ಕ್ಯಾಮ್ ಮೇಲೆ ಟ್ಯಾಪೆಟ್ ನೇರವಾಗಿ ಉಜ್ಜುತ್ತೆ. ಸತು ಕಡಿಮೆ ಇರೋ ಹೊಸ ಕಾಲದ ತೆಳು ಆಯಿಲ್ ಹಾಕಿದರೆ ಕ್ಯಾಮ್ ತಿಂದುಹೋಗುತ್ತೆ. ಪ್ಲಗ್ ರಂಧ್ರದಲ್ಲಿ ಒಂದೊಂದು ಚಮಚ ಆಯಿಲ್ ಬಿಟ್ಟು, ಪ್ಲಗ್ ಇಲ್ಲದೆಯೇ, ಕಾಯಿಲ್ ವೈರ್ ಬಿಚ್ಚಿ ಸೆಲ್ಫ್ ಹೊಡೆಯಿರಿ. ಡ್ಯಾಶ್‌ಬೋರ್ಡ್‌ನ ಗೇಜಲ್ಲಿ ಆಯಿಲ್ ಪ್ರೆಶರ್ ಮುಳ್ಳು ಎದ್ದ ಮೇಲೇ ಪ್ಲಗ್ ಹಾಕೋದು. ಬಿಸಿಯಾದ ಎಂಜಿನ್ ಓಡುವಾಗ 50ರಿಂದ 80 ಪಿಎಸ್‌ಐ ತೋರಿಸಬೇಕು. ಐಡಲಲ್ಲಿ 15–20ಕ್ಕೆ ಇಳಿದರೆ ಗಾಬರಿ ಬೇಡ.

ಗಾಡಿ ಗೇಟು ದಾಟೋ ಮುಂಚೆ ಬ್ರೇಕ್. ರಬ್ಬರ್ ಹೋಸ್ ಮುಂದೆ ಎರಡು, ಹಿಂದೆ ಒಂದು. ನೋಡೋಕೆ ಚೆನ್ನಾಗಿದ್ದರೂ ಮೂರೂ ಬದಲಿಸಿ. ನಿಂತ ಗಾಡಿಯಲ್ಲಿ ಹೋಸ್ ಒಳಗಡೆ ಊದಿಕೊಂಡು ದಾರಿ ಕಟ್ಟುತ್ತೆ: ಪೆಡಲ್ ಒತ್ತಿದಾಗ ಫ್ಲೂಯಿಡ್ ಹೋಗುತ್ತೆ, ಬಿಟ್ಟಾಗ ವಾಪಸ್ ಬರಲ್ಲ, ಚಕ್ರ ಹಿಡಿದುಕೊಂಡೇ ಇರುತ್ತೆ. ಎಷ್ಟೋ ಜನ ಇದಕ್ಕೆ ಕ್ಯಾಲಿಪರ್‌ನ ದೂರಿ ಸುಮ್ಮನೆ ದುಡ್ಡು ಕಳೀತಾರೆ. ಹಳೇ ಫ್ಲೂಯಿಡ್ ಪೂರ್ತಿ ಹೊರಗೆ ಹಾಕಿ ಡಾಟ್ 4 ಬ್ರೇಕ್ ಫ್ಲೂಯಿಡ್ ತುಂಬಿಸಿ, ಆಮೇಲೆ ಎರಡು ವರ್ಷಕ್ಕೊಮ್ಮೆ ಬದಲಿಸಿ. ಅದು ಗಾಳಿಯ ತೇವ ಹೀರುತ್ತೆ. ನಂದಿಬೆಟ್ಟ ಇಳಿಯುವಾಗ ಬ್ರೇಕ್ ಕಾದರೆ ಆ ನೀರು ಕುದ್ದು ಪೆಡಲ್ ನೆಲಕ್ಕೆ ಹೋಗುತ್ತೆ. ಇಳಿಯುವಾಗ ಎರಡನೇ ಗೇರಲ್ಲೇ ಇರಿ.

ಟ್ಯೂನಿಂಗ್_ಮೇಷ್ಟ್ರು

ಇ20 ಹಾಕಬಹುದು, ಆದರೆ ಹಳೇ ರಬ್ಬರ್ ಪೈಪ್ ಮೆತ್ತಗಾಗಿ ಬಿರಿಯುತ್ತೆ. ಎಸ್‌ಎಇ ಜೆ30 ಆರ್9 ಅಂತ ಮುದ್ರೆ ಇರೋ ಪೈಪೇ ಹಾಕಿಸಿ. ಟ್ಯಾಂಕಲ್ಲಿ ಉಳಿದಿರೋ ಹಳೇ ಪೆಟ್ರೋಲ್ ಪೂರ್ತಿ ಇಳಿಸಿ. ಮುಂದೆಯೂ ತಿಂಗಳುಗಟ್ಟಲೆ ಅರ್ಧ ಟ್ಯಾಂಕಲ್ಲಿ ನಿಲ್ಲಿಸಬೇಡಿ, ಎಥನಾಲ್ ತೇವ ಎಳೆದುಕೊಂಡು ಟ್ಯಾಂಕ್ ತುಕ್ಕು ಹಿಡಿಯುತ್ತೆ.

ಟ್ಯೂನಿಂಗಲ್ಲಿ ಎಲ್ಲರೂ ಕಾರ್ಬುರೇಟರ್‌ಗೇ ಮೊದಲು ಕೈ ಹಾಕ್ತಾರೆ, ಅಲ್ಲೇ ದಾರಿ ತಪ್ಪೋದು. ಮೊದಲು ಟ್ಯಾಪೆಟ್ (ವಾಲ್ವ್ ಸಂದಿ): ಎಂಜಿನ್ ತಣ್ಣಗಿರುವಾಗ 0.015 ಇಂಚು. ಎಂಟು ವಾಲ್ವಿಗೆ ಒಂಬತ್ತರ ಲೆಕ್ಕ, ಎರಡು ನಂಬರ್ ಕೂಡಿದರೆ ಒಂಬತ್ತು ಆಗಬೇಕು: 8ನೇದು ಪೂರ್ತಿ ತೆರೆದಾಗ 1ನೇದನ್ನು ಅಳೆಯಿರಿ, 3 ತೆರೆದಾಗ 6. ಆಮೇಲೆ ಡಿಸ್ಟ್ರಿಬ್ಯೂಟರ್‌ನ ಪಾಯಿಂಟ್ ಗ್ಯಾಪ್ 0.015 ಇಂಚು, ಪ್ಲಗ್ ಗ್ಯಾಪ್ 0.025 ಇಂಚು, ಹೊಸ ಕಂಡೆನ್ಸರ್, ಟೈಮಿಂಗ್. ಇಷ್ಟಾದ ಮೇಲೆ ಎಸ್‌ಯು ಕಾರ್ಬುರೇಟರ್.

ಕಾರ್ಬುರೇಟರ್ ಮೇಲಿನ ಡ್ಯಾಶ್‌ಪಾಟ್‌ಗೆ ಎಂಜಿನ್ ಆಯಿಲೇ ಸಾಕು. ಒಳಗಿನ ಟೊಳ್ಳು ರಾಡಿನ ಬಾಯಿಗಿಂತ ಅರ್ಧ ಇಂಚು ಮೇಲೆ ನಿಲ್ಲಬೇಕು. ಏರ್ ಫಿಲ್ಟರ್ ಬಿಚ್ಚಿ, ಎಂಜಿನ್ ಬಿಸಿಯಾದ ಮೇಲೆ ಸಣ್ಣ ಪೈಪನ್ನು ಕಿವಿಗೆ ಹಿಡಿದು ಎರಡೂ ಬಾಯಲ್ಲಿ ಗಾಳಿ ಎಳೆಯೋ ಸದ್ದು ಕೇಳಿ, ಎರಡೂ ಒಂದೇ ಸಮ ಬರೋವರೆಗೆ ಐಡಲ್ ಸ್ಕ್ರೂ ತಿರುಗಿಸಿ. ಆಮೇಲೆ ಒಂದು ಕಾರ್ಬುರೇಟರ್‌ನ ಪಿಸ್ಟನ್ನನ್ನು ಅದರ ಪಿನ್‌ನಿಂದ ಕೂದಲೆಳೆಯಷ್ಟೇ ಎತ್ತಿ. ಎಂಜಿನ್ ವೇಗ ಏರಿ ಹಾಗೇ ನಿಂತರೆ ಪೆಟ್ರೋಲ್ ಜಾಸ್ತಿ, ಕುಸಿದು ಆಫ್ ಆಗೋಕೆ ಬಂದರೆ ಕಮ್ಮಿ, ಕ್ಷಣ ಮಾತ್ರ ಏರಿ ಮೊದಲಿನ ಹಾಗೇ ಆದರೆ ಸರಿ. ಕಾರ್ಬುರೇಟರ್ ಕೆಳಗಿನ ಆರುಮೂಲೆ ನಟ್ಟನ್ನು ಒಂದು ಸಲಕ್ಕೆ ಒಂದೇ ಮುಖದಷ್ಟು ತಿರುಗಿಸಿ. ಕೆಳಗಿಳಿಸಿದರೆ ಪೆಟ್ರೋಲ್ ಹೆಚ್ಚುತ್ತೆ. ಇ20ಗೆ ಮಿಶ್ರಣ ತೆಳುವಾಗೋದರಿಂದ ಒಂದೆರಡು ಮುಖ ಇಳಿಸಬೇಕಾಗಬಹುದು.

ರೇಡಿಯೇಟರ್_ಅಣ್ಣ

ನಮ್ಮ ಕಡೆಯವರಿಗೆ ಒಂದು ಮಾತು: ಬೋರ್‌ವೆಲ್ ನೀರು ರೇಡಿಯೇಟರ್‌ಗೆ ಬೇಡವೇ ಬೇಡ. ಚಿಕ್ಕಬಳ್ಳಾಪುರ, ಕೋಲಾರದ ಗಡುಸು ನೀರು ಕಾದ ಹಾಗೆ ಬ್ಲಾಕ್ ಒಳಗೆ ಬಿಳೀ ಪದರ ಕಟ್ಟುತ್ತೆ, ನಾಲ್ಕನೇ ಸಿಲಿಂಡರ್ ಸುತ್ತ ನೀರು ಹರಿಯದೆ ಏಪ್ರಿಲ್ ಬಿಸಿಲಲ್ಲಿ ಗೇಜ್ ಏರುತ್ತೆ. ಡಿಸ್ಟಿಲ್ಡ್ ವಾಟರ್, ಕೂಲೆಂಟ್ ಅರ್ಧರ್ಧ ಹಾಕಿ.

ತುಕ್ಕು ನೋಡೋಕೆ ಸುಲಭದ ದಾರಿ ಇದೆ. ಬಾಗಿಲ ಹಿಂಭಾಗದ ಸಂದಿಯಲ್ಲಿ ಬೆರಳಿಟ್ಟು, ಗಾಡಿಯನ್ನು ಸಿಲ್ (ಬಾಗಿಲ ಕೆಳಗಿನ ಉದ್ದ ತೊಲೆ) ಹತ್ತಿರ ಜಾಕಿಯಿಂದ ಎತ್ತಿಸಿ. ಸಂದಿ ಕಿರಿದಾದರೆ ಅಥವಾ ಬಾಗಿಲು ಕಚ್ಚಿಕೊಂಡರೆ ಒಳಗಿನ ಸಿಲ್ ಹೋಗಿದೆ. ಓಪನ್ ಗಾಡಿಯ ಬಲವೆಲ್ಲ ಅಲ್ಲೇ ಇರೋದು. ಮೇಲೆ ತಗಡು ಬಡಿದು ಪೇಂಟ್ ಹೊಡೆಯೋರಿಗೆ ಕೊಡಬೇಡಿ. ಬಾಗಿಲ ಚೌಕಕ್ಕೆ ಅಡ್ಡ ಕಂಬಿ ಕಟ್ಟಿದ ಮೇಲೇ ಹಳೇದನ್ನು ಕತ್ತರಿಸಬೇಕು. ಪ್ಯಾನೆಲ್‌ಗಳನ್ನು ಬ್ರಿಟಿಷ್ ಮೋಟಾರ್ ಹೆರಿಟೇಜ್ ಈಗಲೂ ಮಾಡುತ್ತೆ, ಎಸ್‌ಯು ಭಾಗಗಳನ್ನು ಬರ್ಲೆನ್. ಕೆಲಸಕ್ಕೆ ಹಳೇ ಅಂಬಾಸಡರ್ ಮೆಕ್ಯಾನಿಕ್‌ರನ್ನು ಹುಡುಕಿ. ಅದರ 1489 ಸಿಸಿ ಎಂಜಿನ್ ಇದೇ ಬಿ-ಸೀರೀಸ್ ಮನೆತನದ್ದು.

ರೋಡ್‌ಸ್ಟರ್_ಕೆಎ40

ತುಂಬಾ ಉಪಕಾರ ಆಯ್ತು. ಒಂದು ಸಂದೇಹ: ಕೀ ತಿರುಗಿಸಿದರೆ ಹಿಂದೆ ಪೆಟ್ರೋಲ್ ಪಂಪ್ ಟಕಟಕ ಅಂತಾನೇ ಇರುತ್ತೆ, ನಿಲ್ಲೋದೇ ಇಲ್ಲ.

ಹಳೇ_ಸ್ಪ್ಯಾನರ್

ಕೂಡಲೇ ಕೀ ಆಫ್ ಮಾಡಿ. ಕಾರ್ಬುರೇಟರ್‌ನ ಫ್ಲೋಟ್ ಬೌಲ್ (ಪೆಟ್ರೋಲ್ ನಿಲ್ಲೋ ಬಟ್ಟಲು) ತುಂಬಿದ ಮೇಲೆ ಪಂಪ್ ತಾನಾಗಿ ನಿಲ್ಲಬೇಕು. ಬೌಲ್ ಪಕ್ಕದ ಓವರ್‌ಫ್ಲೋ ಪೈಪಲ್ಲಿ ಪೆಟ್ರೋಲ್ ಸುರಿದರೆ, ಬೌಲ್‌ಗೆ ಪೆಟ್ರೋಲ್ ಬರೋದನ್ನ ತಡೆಯೋ ನೀಡಲ್ ವಾಲ್ವಲ್ಲಿ ಕಸ ಸಿಕ್ಕಿದೆ, ಅಥವಾ ಫ್ಲೋಟ್ ಒಡೆದು ಮುಳುಗಿದೆ. ಎಕ್ಸಾಸ್ಟ್ ಮ್ಯಾನಿಫೋಲ್ಡ್ ಕಾರ್ಬುರೇಟರ್ ಕೆಳಗೇ ಇರೋದರಿಂದ ಬೆಂಕಿ ಭಯ ಇದೆ. ಅಲ್ಲೇನೂ ಸುರೀತಿಲ್ಲ ಅಂದ್ರೆ ಪಂಪಿಗೆ ಪೆಟ್ರೋಲೇ ಬರ್ತಿಲ್ಲ: ಟ್ಯಾಂಕ್ ಖಾಲಿ, ಪಂಪಿನ ವಾಲ್ವ್ ಕೆಟ್ಟಿದೆ, ಇಲ್ಲವೇ ಟ್ಯಾಂಕ್ ಕಡೆಯ ಪೈಪಲ್ಲಿ ಗಾಳಿ ಎಳೀತಿದೆ. ಬೌಲಿನ ಮುಚ್ಚಳ ಬಿಚ್ಚಿ ಫ್ಲೋಟನ್ನು ಕಿವಿ ಹತ್ತಿರ ಅಲ್ಲಾಡಿಸಿ. ಒಳಗೆ ಪೆಟ್ರೋಲ್ ಕುಲುಕಿದರೆ ಬದಲಿಸಿ.