ಎಳ್ಳ ಅಮಾವಾಸ್ಯೆಯಂದು ಕ್ರೈಸ್ತ ಕುಟುಂಬ ಹೊಲದಲ್ಲಿ ಚರಗ ಚೆಲ್ಲಬಹುದೇ?

ಪ್ರಶ್ನೆ – ಭಾಲ್ಕಿ ಸೊಸೆ

ಎಲ್ಲರಿಗೂ ವಂದನೆಗಳು. ನಮ್ಮದು ಭಾಲ್ಕಿ ತಾಲೂಕಿನ ಒಕ್ಕಲುತನದ ಮನೆ. ಮೆಥೋಡಿಸ್ಟ್ ಸಭೆಗೆ ಸೇರಿದವರು. ಮಾವನವರ ಅಜ್ಜನ ಕಾಲದಲ್ಲಿ ದೀಕ್ಷಾಸ್ನಾನವಾದ ಮೇಲೆ ಹೊಲದಲ್ಲಿ ಐದು ಕಲ್ಲುಗಳನ್ನಿಟ್ಟು ಪಾಂಡವರೆಂದು ಪೂಜಿಸುವುದು ನಿಂತಿತು. ಆದರೆ ಎಳ್ಳ ಅಮಾವಾಸ್ಯೆಗೆ ಸಜ್ಜೆ ರೊಟ್ಟಿ, ಭಜ್ಜಿ, ಶೇಂಗಾ ಹೋಳಿಗೆ, ಅಂಬಲಿ ಕಟ್ಟಿಕೊಂಡು ಬಂಧುಬಳಗದೊಡನೆ ಹೊಲಕ್ಕೆ ಹೋಗುವುದು ನಿಲ್ಲಲಿಲ್ಲ. ಅತ್ತೆಯವರು ಊಟಕ್ಕೆ ಮೊದಲು ಇಂದಿಗೂ ಒಂದು ಹಿಡಿಯನ್ನು ಚರಗವೆಂದು ಬೆಳೆಯ ಮೇಲೆ ಚೆಲ್ಲುತ್ತಾರೆ. ಅದು ಭೂಮಿಗೆ ಕೊಡುವ ನೈವೇದ್ಯ, ಆದ್ದರಿಂದ ವಿಗ್ರಹಾರಾಧನೆಯೇ ಆಯಿತು ಎಂದು ಮೈದುನ ವಾದಿಸುತ್ತಿದ್ದು, ಈ ವರ್ಷ ಹೊಲಕ್ಕೇ ಬರುವುದಿಲ್ಲವೆಂದು ಹೇಳಿಬಿಟ್ಟಿದ್ದಾರೆ. ಇಂಗ್ಲೆಂಡ್, ಅಮೆರಿಕಗಳಲ್ಲಿ ಕೆಲವರು ಕ್ರಿಸ್ತಪೂರ್ವ ಋತುಹಬ್ಬಗಳನ್ನೂ ಕ್ರಿಸ್ತನ ಭಕ್ತಿಯನ್ನೂ ಕೂಡಿಸಿಕೊಂಡಿದ್ದಾರೆಂದು ಓದಿದ್ದೇನೆ. ನಾವು ಮಾಡುತ್ತಿರುವುದೂ ಅದೇ ಏನು? ಪಕ್ಕದ ಹೊಲದವರು ಊಟಕ್ಕೆ ಕರೆದರೆ ಹೋಗಬಹುದೇ?

ಉತ್ತರ – ಕಲಬುರಗಿಯ ಇತಿಹಾಸ ಶಿಕ್ಷಕ

ಸೋದರಿ, ಈ ಪ್ರಶ್ನೆಗೆ ಹದಿನಾಲ್ಕು ಶತಮಾನಗಳಷ್ಟು ಹಳೆಯ ಉತ್ತರವೊಂದಿದೆ. ಕ್ರಿ.ಶ. 601ರಲ್ಲಿ ಪೋಪ್ ಒಂದನೆಯ ಗ್ರೆಗೊರಿ, ಇಂಗ್ಲೆಂಡಿಗೆ ಹೊರಟಿದ್ದ ಮೆಲ್ಲಿಟಸ್ ಎಂಬ ಮಠಾಧಿಪತಿಗೆ ಬರೆದ ಪತ್ರದಲ್ಲಿ, ಅಲ್ಲಿನ ಜನರ ಗುಡಿಗಳನ್ನು ಕೆಡವಬೇಡಿ, ಒಳಗಿನ ವಿಗ್ರಹಗಳನ್ನು ಮಾತ್ರ ತೆಗೆದು ತೀರ್ಥ ಚಿಮುಕಿಸಿ ದೇವಾಲಯಗಳನ್ನಾಗಿ ಮಾಡಿಕೊಳ್ಳಿ ಎಂದು ಸೂಚಿಸಿದರು. ಹಿಂದೆ ಎತ್ತುಗಳನ್ನು ಬಲಿಕೊಡುತ್ತಿದ್ದವರು ಇನ್ನು ಮುಂದೆ ಹುತಾತ್ಮರ ಹಬ್ಬದ ದಿನ ಅದೇ ಗುಡಿಗಳ ಸುತ್ತ ಮರದ ಕೊಂಬೆಗಳಿಂದ ಚಪ್ಪರ ಹಾಕಿಕೊಂಡು, ಎಲ್ಲವನ್ನೂ ಕೊಟ್ಟ ದೇವರನ್ನು ಸ್ತುತಿಸುತ್ತ ಉಂಡು ಸಂತೋಷಪಡಲಿ ಎಂದೂ ಬರೆದರು. ನಮ್ಮ ಹೊಲಗಳಲ್ಲಿ ಆ ದಿನ ನಿಲ್ಲಿಸುವ ಜೋಳದ ದಂಟಿನ ಗುಡಿಸಲನ್ನು ನೋಡಿದಾಗಲೆಲ್ಲ ನನಗೆ ಈ ಪತ್ರ ನೆನಪಾಗುತ್ತದೆ. ಇದೇ ಗ್ರೆಗೊರಿ ಅದೇ ವರ್ಷ ಕೆಂಟ್ ಪ್ರಾಂತದ ಅರಸನಿಗೆ ಗುಡಿಗಳನ್ನು ಕೆಡವಬೇಕೆಂದು ಬರೆದಿದ್ದರೆಂಬುದನ್ನೂ ಮುಚ್ಚಿಡಬಾರದು. ಅವರಿಗೂ ಇದು ಸುಲಭಕ್ಕೆ ಬಗೆಹರಿದ ವಿಷಯವಾಗಿರಲಿಲ್ಲ.

ನಮ್ಮ ಕಥೋಲಿಕ ಸಭೆಯ ಎರಡನೆಯ ವ್ಯಾಟಿಕನ್ ಮಹಾಸಭೆ 1963ರಲ್ಲಿ, ಜನರ ರೂಢಿಗಳಲ್ಲಿ ಮೂಢನಂಬಿಕೆಯೊಡನೆ ಬಿಡಿಸಲಾಗದಂತೆ ಹೆಣೆದುಕೊಂಡಿರದ ಯಾವುದನ್ನೂ ಸಹಾನುಭೂತಿಯಿಂದ ಪರಿಶೀಲಿಸಿ, ಸಾಧ್ಯವಾದರೆ ಉಳಿಸಿಕೊಳ್ಳಬೇಕೆಂದಿತು. ಮಂಗಳೂರಿನ ಕಡೆಯವರು ಸೆಪ್ಟೆಂಬರ್ 8ರ ಮೊಂತಿ ಹಬ್ಬದಲ್ಲಿ ಹೊಸ ತೆನೆಯನ್ನು ಆಶೀರ್ವದಿಸಿ ಮನೆಗೆ ತರುವುದು ಇದಕ್ಕೆ ಒಳ್ಳೆಯ ನಿದರ್ಶನ. ಆದ್ದರಿಂದ ನಿಮ್ಮ ಅತ್ತೆಯವರ ಒಂದು ಹಿಡಿಯನ್ನು ದೇವರಿಗೆ ಸಲ್ಲಿಸುವ ಕೃತಜ್ಞತೆಯೆಂದೇ ತಿಳಿಯಬಹುದು.

ಉತ್ತರ – ಶಹಾಪುರದ ರೈತ

ನಾನು ಕ್ರೈಸ್ತನಲ್ಲ, ಆದರೂ ಗುರುಗಳ ಕೊನೆಯ ಮಾತಿನ ಬಗ್ಗೆ ಒಂದು ವಿನಂತಿ ಮಾಡಬೇಕೆನಿಸಿತು. ನಮ್ಮ ಪಾಲಿಗೆ ಬೆಳೆ ಹೊತ್ತು ನಿಂತ ಭೂತಾಯಿ ಬಸುರಿ ಇದ್ದಂತೆ, ಚರಗ ಅವಳ ಬಯಕೆಯ ಊಟ. ಅದನ್ನು ಹಕ್ಕಿಪಕ್ಕಿಗೆ ಹಾಕಿದ ಕಾಳೆಂದೋ ಬರಿಯ ಸಂಪ್ರದಾಯವೆಂದೋ ಹಗುರ ಮಾಡಿಕೊಂಡು ಚೆಲ್ಲುವುದಕ್ಕಿಂತ ಚೆಲ್ಲದೆ ಇರುವುದೇ ಮರ್ಯಾದೆ. ನೀವು ಚೆಲ್ಲಲಿಲ್ಲವೆಂದು ಪಕ್ಕದ ಹೊಲದವರು ಯಾರೂ ಬೇಸರಪಡುವುದಿಲ್ಲ. ಕರೆದಾಗ ಊಟಕ್ಕೆ ಬರಲಿಲ್ಲವೆಂದರೆ ಮಾತ್ರ ಖಂಡಿತ ಬೇಸರಪಡುತ್ತಾರೆ.

ಉತ್ತರ – ಬೀದರ್, ಸಭೆಯ ಹಿರಿಯ

ಶಹಾಪುರದವರ ಮಾತು ನಮ್ಮವರ ಮಾತಿಗಿಂತ ಸ್ಪಷ್ಟವಾಗಿದೆ. ಊಟದ ವಿಷಯವನ್ನು ಪೌಲನೇ ಬಗೆಹರಿಸಿದ್ದಾನೆ. ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ 10ನೆಯ ಅಧ್ಯಾಯದ ಪ್ರಕಾರ, ನಂಬದವರೊಬ್ಬರು ಊಟಕ್ಕೆ ಕರೆದು, ನಿಮಗೂ ಹೋಗುವ ಮನಸ್ಸಿದ್ದರೆ, ವಿಚಾರಣೆ ಮಾಡದೆ ಬಡಿಸಿದ್ದನ್ನು ಉಣ್ಣಬಹುದು. ಇದು ನೈವೇದ್ಯವೆಂದು ಯಾರಾದರೂ ತಿಳಿಸಿದರೆ, ತಿಳಿಸಿದವರ ಮನಸ್ಸಾಕ್ಷಿಯ ಸಲುವಾಗಿ ಬಿಡಬೇಕು. ಅಂದರೆ ಉಣ್ಣುವವನ ಮಡಿಗಿಂತ ಎದುರಿಗಿರುವವನ ಮನಸ್ಸನ್ನೇ ಪೌಲ ಇಲ್ಲಿ ಮುಖ್ಯವಾಗಿ ನೋಡುತ್ತಾನೆ. ಭೂಮಿಯೂ ಅದರಲ್ಲಿರುವ ಸಮಸ್ತವೂ ಕರ್ತನದೇ ಎಂಬ ಕೀರ್ತನೆಯ ಮಾತನ್ನು ಅವನು ನೆನಪಿಸುವುದೂ ಇದೇ ಅಧ್ಯಾಯದಲ್ಲಿ.

ಚರಗದ ವಿಷಯ ಬೇರೆ. ಭೂಮಿಗೆಂದೇ ಅರ್ಪಿಸುವ ತುತ್ತಿಗೆ ಹೆಸರು ಬದಲಿಸಿದ ಮಾತ್ರಕ್ಕೆ ಅರ್ಪಣೆ ಬದಲಾಗುವುದಿಲ್ಲ. ಮಹಾಸಭೆ ಹೇಳಿದ ಹೆಣಿಗೆ ಇಲ್ಲಿ ಬಿಡಿಸಲು ಬರುವಂಥದ್ದಲ್ಲವೆಂದು ನನ್ನ ಅಭಿಪ್ರಾಯ. ಆದರೆ ನಿಮ್ಮ ಮೈದುನ ಸಂತೋಷವನ್ನೇ ಅನುಮಾನಿಸುತ್ತಿದ್ದರೆ ಅದು ಸತ್ಯವೇದವನ್ನು ಅರ್ಧ ಓದಿದಂತೆ. ಧರ್ಮೋಪದೇಶಕಾಂಡದ 16ನೆಯ ಅಧ್ಯಾಯ, ಸುಗ್ಗಿಯಾದ ಮೇಲೆ ಏಳು ದಿನ ಪರ್ಣಶಾಲೆಗಳ ಹಬ್ಬ ಮಾಡಿ, ಮಕ್ಕಳು, ಆಳುಗಳು, ಪರದೇಶಿಗಳು, ಅನಾಥರು, ವಿಧವೆಯರೊಡನೆ ಸಂಭ್ರಮಿಸಬೇಕೆಂದು ಆಜ್ಞೆಯನ್ನೇ ಕೊಡುತ್ತದೆ.

ಪಶ್ಚಿಮದವರ ಪ್ರಯೋಗದೊಡನೆ ನಿಮ್ಮದನ್ನು ಹೋಲಿಸಬೇಕಾಗಿಲ್ಲ. 1950ರ ದಶಕದಲ್ಲಿ ಜೆರಾಲ್ಡ್ ಗಾರ್ಡನರ್ ಇಂಗ್ಲೆಂಡಿನಲ್ಲಿ ಪ್ರಚಾರಕ್ಕೆ ತಂದ ವಿಕ್ಕಾದಂಥ ಆಧುನಿಕ ಪ್ರಕೃತಿಪೂಜಕ ಪಂಥಗಳ ಋತುಹಬ್ಬಗಳನ್ನು ಅವರಲ್ಲಿ ಅನೇಕರು ಹುಡುಕಿಕೊಂಡು ಹೋಗಿ ಕಲಿಯುತ್ತಾರೆ. ನಿಮಗೆ ಎಳ್ಳ ಅಮಾವಾಸ್ಯೆ ಹುಟ್ಟಿದ ಊರಿನಿಂದಲೇ ಬಂದಿದೆ, ಅದನ್ನು ಶ್ರದ್ಧೆಯಿಂದ ಆಚರಿಸುವವರು ಬದುವಿನಾಚೆಗೇ ಇದ್ದಾರೆ.

ಮರುಉತ್ತರ – ಭಾಲ್ಕಿ ಸೊಸೆ

ಎಲ್ಲರಿಗೂ ಧನ್ಯವಾದಗಳು. ಧರ್ಮೋಪದೇಶಕಾಂಡದ ಆ ಅಧ್ಯಾಯವನ್ನು ಮೈದುನರಿಗೆ ಓದಲು ಕೊಟ್ಟೆ. ಮನೆಯವರು ಉಣ್ಣುವ ಮೊದಲು ಹೊಲದಲ್ಲೇ ಪ್ರಾರ್ಥನೆ ನಡೆಸುವುದಾದರೆ ಬರುತ್ತೇನೆಂದು ಒಪ್ಪಿದ್ದಾರೆ. ಶಹಾಪುರದ ಅಣ್ಣನವರ ಮಾತನ್ನು ಅತ್ತೆಯವರಿಗೂ ತಿಳಿಸಿದೆ. ಚೆಲ್ಲುವ ಹಿಡಿಯ ಬದಲು ಹೊಲದ ಮೊದಲ ಜೋಳವನ್ನು ಸಭೆಯ ಸುಗ್ಗಿ ಹಬ್ಬಕ್ಕೆ ಕೊಡೋಣವೆಂದರೆ, ಅದನ್ನೂ ಕೊಡೋಣ, ಇದನ್ನು ಆಮೇಲೆ ನೋಡೋಣ ಎಂದಿದ್ದಾರೆ.