ಕೇಪಳದ ಎಲೆ ಹಳದಿ ಆಗ್ತಿದೆ, ಬೆಳೆಸಿದವರು ಹೇಳಿ

ಹೊಸಬಳು, ಬೆಂಗಳೂರು: ಪುತ್ತೂರಿನ ಅತ್ತೆ ಮನೆ ಗುಡ್ಡೆಯಿಂದ ಕೇಪಳದ (ಕೆಂಪು ಹೂಗೊಂಚಲಿನ ಇಕ್ಸೋರಾ) ಗಿಡ ತಂದು ತಾರಸಿ ಕುಂಡದಲ್ಲಿ ನೆಟ್ಟಿದ್ದೇನೆ. ಎರಡು ತಿಂಗಳಾಯ್ತು. ಹೊಸ ಎಲೆಯೆಲ್ಲ ಹಳದಿ, ನರ ಮಾತ್ರ ಹಸಿರು. ಇದನ್ನೇ ಉಳಿಸಲಾ, ನರ್ಸರಿ ಗಿಡ ತರಲಾ?

ಮುರಕಲ್ಲು: ನಾನೂ 2019ರಲ್ಲಿ ಮೂರು ಗಿಡ ಅಗೆದು ತಂದವನು. ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲು) ಬಿರುಕಿನಲ್ಲಿ ಬೇರು ಆಳಕ್ಕೆ ಇಳಿದಿರುತ್ತದೆ. ಹಾರೆ ಹಾಕಿದೆ, ತಾಯಿಬೇರೇ ತುಂಡಾಯಿತು. ಬಸ್ಸಿನ ಲಗೇಜಿಗೆ 120 ರೂಪಾಯಿ, ಕುಂಡಕ್ಕೆ 900, ಕೆಂಪು ಮಣ್ಣಿಗೆ 400. ಒಂದು 9 ದಿನಕ್ಕೆ ಒಣಗಿತು, ಉಳಿದೆರಡೂ ಒಂದು ತಿಂಗಳೊಳಗೆ. ಅಮ್ಮ ಚಿಕ್ಕವಳಿದ್ದಾಗ ಹೂ ಕಿತ್ತು ಜೇನು ಚೀಪುತ್ತಿದ್ದ ಗಿಡ ಅವು. ಈಗಲೂ ನೆನೆದರೆ ಸಂಕಟ ಆಗುತ್ತದೆ. ಮುಂದಿನ ಮಳೆಗಾಲ ಗೂಟಿ ಕಟ್ಟಿದೆ, ಅಂದರೆ ಕೊಂಬೆ ಗಿಡದಲ್ಲಿರುವಾಗಲೇ ಅದಕ್ಕೆ ಬೇರು ಬರಿಸುವುದು. ಪೆನ್ಸಿಲ್ ದಪ್ಪದ ಕೊಂಬೆ, ಬೆರಳಗಲ ಸಿಪ್ಪೆ ಸುಲಿದು, ಒದ್ದೆ ತೆಂಗಿನ ನಾರು ಸುತ್ತಿ ಪ್ಲಾಸ್ಟಿಕ್ ಬಿಗಿದೆ. ಹತ್ತು ವಾರಕ್ಕೆ ಬೇರು ಬಂತು. ಗುಡ್ಡೆಯ ಗಿಡ ಅಗೆಯಲೇಬಾರದು.

ಮಳೆಡ್ರಮ್ಮು: ಎಲೆ ಹಳದಿ ಅಂದರೆ ಸುಮ್ನೆ ಬೇರಿನ ಕಥೆ ಯಾಕೆ ಸರ್? ನನ್ನ 14 ಕುಂಡ ಹಾಳಾಗಿದ್ದು ಬೋರ್‌ವೆಲ್ ನೀರಿನಿಂದ. ಗಡಸು ನೀರು ಹಾಕ್ತಾ ಹಾಕ್ತಾ ಮಣ್ಣು ಕ್ಷಾರ ಆಗುತ್ತದೆ. ಕಬ್ಬಿಣ ಇದ್ದರೂ ಬೇರಿಗೆ ಸಿಗುವುದಿಲ್ಲ. ಅಂಗಡಿಯವರು ಇಡಿಟಿಎ ಕಬ್ಬಿಣ (ಬೇರಿಗೆ ಸಿಗುವ ಹಾಗೆ ರಾಸಾಯನಿಕದಲ್ಲಿ ಹಿಡಿದಿಟ್ಟ ಕಬ್ಬಿಣ) ಕೊಟ್ಟರು, 180 ರೂಪಾಯಿಯ ಆರು ಪ್ಯಾಕೆಟ್. ಕ್ಷಾರ ಮಣ್ಣಿನಲ್ಲಿ ಅದು ನಿಲ್ಲುವುದಿಲ್ಲ, ಇಡಿಡಿಎಚ್‌ಎ ಅನ್ನೋ ಬೇರೆ ಬಗೆಯದು ಬೇಕು ಅಂತ ಆಮೇಲೆ ಗೊತ್ತಾಯಿತು. ಅದಕ್ಕೆ 650. ಮಳೆನೀರಿನ ಡ್ರಮ್ಮಿಗೆ 1,400. ನಾಲ್ಕೇ ಗಿಡ ಉಳಿದವು. ಚಿಗುರು ಹಸಿರಾಗಿ ಬಂದ ದಿನ ಮನೆಯವರನ್ನೆಲ್ಲ ತಾರಸಿಗೆ ಕರೆದು ತೋರಿಸಿದೆ.

ಬಾಲ್ಕನಿ: ಇಷ್ಟು ಖರ್ಚು ಬೇಕಾ? ಸಣ್ಣ ಎಲೆಯ ನರ್ಸರಿ ಗಿಡ ನನಗೆ 60 ರೂಪಾಯಿಗೆ ಸಿಕ್ಕಿತು. ಐದು ವರ್ಷದಿಂದ ಹೂ ಬಿಡ್ತಾ ಇದೆ. ಬಿಳಿ ಹಿಟ್ಟಿನಂಥ ಹುಳ ಬಂದರೆ ಔಷಧಿ ಹೊಡೀತೀನಿ, ಅಷ್ಟೇ.

ಮುರಕಲ್ಲು: 60 ರೂಪಾಯಿಯ ಲೆಕ್ಕ ನಮಗೆ ಹೇಳಬೇಡಿ. ಅದು ಬೇಲಿ ಗಿಡ. ಗುಡ್ಡೆಯ ಕೇಪಳಕ್ಕೆ ಅಂಗೈಯಗಲದ ಚಿಟ್ಟೆ ಬಂದು ಕೂರುವುದನ್ನು ನೋಡಿದ್ದೀರಾ?

ಬಾಲ್ಕನಿ: ನನ್ನ ಗಿಡಕ್ಕೂ ಚಿಟ್ಟೆ ಬರುತ್ತೆ. ಮೂರು ಗಿಡ ಕೊಂದವರು ನನಗೆ ಪಾಠ ಹೇಳಬೇಡಿ.

ಕಿಸ್ಕಾರದವಳು: ಜಗಳ ಸಾಕು ಮಾರಾಯ್ರೇ. ನಮ್ಮಲ್ಲಿ ಇದು ಕಿಸ್ಕಾರ. ಕೆಲವರು ಗುಡ್ಡೆ ದಾಸವಾಳ ಅಂತಾರೆ, ನನಗೆ ಒಪ್ಪಿಗೆಯಿಲ್ಲ. ಇದು ಕಾಫಿ ಕುಟುಂಬದ್ದು, ದಾಸವಾಳ ಅಲ್ಲವೇ ಅಲ್ಲ. ಅಜ್ಜಿ ಹೂವನ್ನು ತುಪ್ಪದಲ್ಲಿ ಬಾಡಿಸಿ, ಕಾಯಿ, ಜೀರಿಗೆ, ಕಾಳುಮೆಣಸು ಅರೆದು ಮಜ್ಜಿಗೆ ಹಾಕಿ ತಂಬುಳಿ ಮಾಡ್ತಿದ್ದರು. ಬಾಲ್ಕನಿ ಅವರೇ, ನಿಮ್ಮ ಹೂವಿನಲ್ಲೂ ಮಾಡಿ ನೋಡಿ.

ಮಳೆಡ್ರಮ್ಮು: ಅಕ್ಕಾ, ಔಷಧಿ ಹೊಡೀತೀನಿ ಅಂತ ಅವರೇ ಹೇಳಿದ್ದಾರಲ್ವಾ! ಆ ಹೂವನ್ನು ತಂಬುಳಿಗೆ ಹಾಕಿಸಬೇಡಿ.